ಪದ್ಯ ಮುಗಿಯುವ ಮೊದಲೇ

ಐದನೇ ಕ್ಲಾಸಿನ ಗ್ಯಾದರಿಂಗಿನಲ್ಲಿ ನಾನು ಕಿತ್ತೂರು ಚೆನ್ನಮ್ಮ ಆಗಿದ್ದೆ. 1998ರ ಜನವರಿ. ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ಬಸ್ಸು ಇಳಿದು ಅರ್ಧ ಗಂಟೆ ಒಳಗೆ ನಡೆದರೆ ನಮ್ಮೂರು. ಶಾಲೆಯ ಅಂಗಳಕ್ಕೆ ಚಪ್ಪರ ಹಾಕಿ, ಅಡಿಕೆ ಮರದ ಕಂಬಕ್ಕೆ ಟ್ಯೂಬ್‌ಲೈಟ್ ಕಟ್ಟಿದ್ದರು. ಆಯಿಯ, ಅಂದರೆ ಅಮ್ಮನ, ಹಸಿರು ರೇಷ್ಮೆ ಸೀರೆಯನ್ನು ಕಚ್ಚೆ ಹಾಕಿ ನನಗೆ ಉಡಿಸಿದ್ದರು. ಕೈಯಲ್ಲಿ ಬೇಗಡೆ ಸುತ್ತಿದ ಮರದ ಕತ್ತಿ. ಒಂದೂವರೆ ಪುಟದ ಮಾತು. ಮೂರು ವಾರ ಬಾಯಿಪಾಠ ಮಾಡಿದ್ದೆ. ದನಕ್ಕೆ ಹುಲ್ಲು ಹಾಕುವಾಗಲೂ ಅದೇ, ಸ್ನಾನದ ಮನೆಯಲ್ಲೂ ಅದೇ.

‘ಧಾರವಾಡದ ಕಲೆಕ್ಟರ್ ಥ್ಯಾಕರೆ’ ಅನ್ನುವ ತನಕ ಬಂತು. ಆಮೇಲೆ ಬರಲಿಲ್ಲ.

ಆ ಥ್ಯಾಕರೆ 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಸತ್ತ. ನನ್ನ ಬಾಯಲ್ಲಿ ಮಾತ್ರ ಅವನು ಅವತ್ತು ಅಲ್ಲೇ ನಿಂತುಬಿಟ್ಟ. ಪರದೆಯ ಹಿಂದಿನಿಂದ ಅಕ್ಕೋರು, ನಮ್ಮ ಟೀಚರ್, ಮುಂದಿನ ಸಾಲು ಪಿಸುಗುಟ್ಟಿದರು. ಸದ್ದು ಕೇಳಿಸಿತು, ಆದರೆ ಅದರಲ್ಲಿ ಒಂದು ಶಬ್ದವೂ ನನಗೆ ಸಿಗಲಿಲ್ಲ. ಕಾಲು ಅಲುಗಲಿಲ್ಲ. ಮುಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಅದು ಮೆಚ್ಚುಗೆಯ ಚಪ್ಪಾಳೆ ಅಲ್ಲ ಅಂತ ಹತ್ತು ವರ್ಷದ ಮಗುವಿಗೂ ಗೊತ್ತಾಗುತ್ತದೆ. ನಗು ಒಂದು ಕಡೆ ಶುರುವಾಗಿ ಇಡೀ ಚಪ್ಪರಕ್ಕೆ ಹಬ್ಬಿತು. ಕತ್ತಿ ಕೈಯಿಂದ ಜಾರಿತು. ಕೊನೆಗೆ ಅಕ್ಕೋರೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಆಯಿ ಹೇಳುವ ಪ್ರಕಾರ ನಾನು ಹಾಗೆ ನಿಂತದ್ದು ಅರ್ಧ ನಿಮಿಷ ಇದ್ದೀತು, ಅಷ್ಟೇ.

ಮರುದಿನ ಕ್ಲಾಸಿಗೆ ಹೋದಾಗ ಒಬ್ಬ ಮಾಸ್ತರು, “ರಾಣಿ ಚೆನ್ನಮ್ಮ ಬಂದಳು, ದಾರಿ ಬಿಡಿ” ಅಂದರು. ಅವರಿಗೆ ಅದು ಒಂದು ದಿನದ ಮಾತು. ಹುಡುಗರ ಬಾಯಲ್ಲಿ ಅದು ಪರೀಕ್ಷೆಯ ತನಕ ಉಳಿಯಿತು.

ಸೋಲಿನ ಹೆದರಿಕೆ ಒಂದೇ ಜಾಗದಲ್ಲಿ ಇರುವುದಿಲ್ಲ. ನಾನು ಸೋತದ್ದು ಸ್ಟೇಜಿನ ಮೇಲೆ. ಆದರೆ ಹೆದರಿಕೆ ನನ್ನ ಜೊತೆ ಎಲ್ಲಾ ಕಡೆ ಬಂತು. ಹದಿಮೂರರ ಮಗ್ಗಿ ಸರಾಗ ಬರುತ್ತಿತ್ತು, ಕೇಳಿದರೆ ಕೈ ಎತ್ತುತ್ತಿರಲಿಲ್ಲ. ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರವನ್ನೂ ಬರೆಯದೆ ಬಿಟ್ಟು ಬಂದೆ. ತಪ್ಪು ಬರೆಯುವುದಕ್ಕಿಂತ ಖಾಲಿ ಬಿಡುವುದು ವಾಸಿ ಅನ್ನಿಸುತ್ತಿತ್ತು. ಖಾಲಿ ಜಾಗವನ್ನು ನೋಡಿ ಯಾರೂ ನಗುವುದಿಲ್ಲವಲ್ಲ.

ಆ ವರ್ಷ ಶಿರಸಿಯಲ್ಲಿ ಮಾರಿಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮಕ್ಕಳು ಅದಕ್ಕೆ ದಿನ ಎಣಿಸುತ್ತಾರೆ. ಅಪ್ಪಯ್ಯ ನನ್ನನ್ನೂ ಅಣ್ಣನನ್ನೂ ಕರೆದುಕೊಂಡು ಹೋಗಿದ್ದ. ರಿಂಗ್ ಎಸೆಯುವ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೂರು ರಿಂಗು ನನ್ನ ಕೈಗೆ ಇಟ್ಟ. ಎದುರಿಗೆ ಸೋಪಿನ ಪೆಟ್ಟಿಗೆ, ಪ್ಲಾಸ್ಟಿಕ್ ಗೊಂಬೆ, ಒಂದು ಚಿಕ್ಕ ಗಡಿಯಾರ. ಸುತ್ತ ಜನ. ನಾನು ಎಸೆಯಲಿಲ್ಲ. ಎಸೆದರೆ ತಪ್ಪುತ್ತದೆ, ತಪ್ಪಿದ್ದನ್ನು ಎಲ್ಲರೂ ನೋಡುತ್ತಾರೆ. ರಿಂಗು ಹಿಡಿದುಕೊಂಡೇ ನಿಂತಿದ್ದೆ. ಅಂಗಡಿಯವನು ಎರಡು ಸಲ ಕೇಳಿದ, ಆಮೇಲೆ ಕೈ ಚಾಚಿ ಮೂರೂ ರಿಂಗು ವಾಪಸು ತೆಗೆದುಕೊಂಡ. ಅಪ್ಪಯ್ಯ ಏನೂ ಬೈಯಲಿಲ್ಲ. ಬಸ್ಸಿನಲ್ಲಿ ಮನೆ ಬರುವ ತನಕ ನನ್ನ ಮುಖ ನೋಡುತ್ತಾ ಕೂತಿದ್ದ.

ಏಪ್ರಿಲ್‌ನಲ್ಲಿ ಮೇಲಿನಕೇರಿಯ ದೊಡ್ಡಮನೆಯಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುವ ಶಿಬಿರ ಶುರುವಾಯಿತು.

ನಮ್ಮ ಕಡೆ ‘ಆಟ’ ಅಂದರೆ ಯಕ್ಷಗಾನವೇ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲ ಹಿಡಿಯುವ ತನಕ ಒಂದಲ್ಲ ಒಂದು ಊರಿನಲ್ಲಿ ಚಂಡೆ ಕೇಳುತ್ತಲೇ ಇರುತ್ತದೆ. ಘಟ್ಟದ ಕೆಳಗೆ ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೆಸರು ಹೇಳದ ಮನೆ ನಮ್ಮೂರಲ್ಲಿ ಇಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಇದೆ ಅಂದರೆ ದೊಡ್ಡವರು ತೋಟದ ಕೆಲಸ ಬೇಗ ಮುಗಿಸಿ, ಬ್ಯಾಟರಿ ಹಿಡಿದು ಹೊರಡುತ್ತಿದ್ದರು. ಅವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದು ನನಗೆ ನೆನಪಿದೆ. ಇಂಥ ಊರಿನಲ್ಲಿ ಹುಡುಗರು ಶಿಬಿರಕ್ಕೆ ಹೋಗುವುದು ದೊಡ್ಡ ವಿಷಯ ಅಲ್ಲ. ಹುಡುಗಿಯರು ಮಾತ್ರ ಕಡಿಮೆ. ಅಣ್ಣ ಸೇರಿದ. ನಾನು ಮಧ್ಯಾಹ್ನ ಅವನಿಗೆ ಮಜ್ಜಿಗೆ ಒಯ್ದು ಕೊಡುವ ನೆಪದಲ್ಲಿ ಹೋಗಿ ಜಗಲಿಯ ಮೂಲೆಯಲ್ಲಿ ಕೂರುತ್ತಿದ್ದೆ.

ಕಲಿಸಲು ಬಂದವರು ಘಟ್ಟದ ಕೆಳಗಿನ ಒಬ್ಬ ಭಾಗವತರು, ಆಟದಲ್ಲಿ ಪದ್ಯ ಹಾಡುವವರು. ವಯಸ್ಸು ಅರವತ್ತು ದಾಟಿತ್ತು. ಮೇಳ ಬಿಟ್ಟ ಮೇಲೆ ಬೇಸಿಗೆಯಲ್ಲಿ ಊರೂರಿಗೆ ಹೋಗಿ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ತೆಳ್ಳನೆಯ ಮನುಷ್ಯ, ಎಲೆಯಡಿಕೆಯಿಂದ ಕೆಂಪಾದ ತುಟಿ, ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿಯೇ ಇಲ್ಲ. ಪದ್ಯ ಎತ್ತಿದರೆ ಮಾತ್ರ ಆ ಧ್ವನಿ ತೋಟದ ಆಚೆ ದಂಡೆಗೂ ಕೇಳುತ್ತಿತ್ತು.

ನಾಲ್ಕನೇ ದಿನವೋ ಐದನೇ ದಿನವೋ, ಅವರು ಹುಡುಗರಿಗೆ ತಾಳ ಹಾಕಿಸುತ್ತಿದ್ದರು. ನನ್ನ ಬೆರಳು ನನಗೆ ಗೊತ್ತಿಲ್ಲದೆ ಕಂಬದ ಮೇಲೆ ಆಡುತ್ತಿತ್ತು. ಅವರು ನನ್ನ ಕಡೆ ತಿರುಗಲೂ ಇಲ್ಲ.

“ಕಂಬದ ಹತ್ರ ಕೂತ ಕೂಸಿಗೆ ತಾಳ ಬತ್ತು” ಅಂದರು. ನಮ್ಮಲ್ಲಿ ಹುಡುಗಿಯನ್ನು ಕೂಸು ಅಂತಲೇ ಕರೆಯುವುದು.

ನಾನು ಬೆರಳು ಮಡಚಿಕೊಂಡೆ.

“ಬಾ ತಂಗಿ, ಇಲ್ಲಿ ನಿಲ್ಲು.”

“ಯಂಗೆ ಬತ್ತಿಲ್ಲೆ.” ನನಗೆ ಬರುವುದಿಲ್ಲ. ಆ ನಾಲ್ಕು ತಿಂಗಳಲ್ಲಿ ನಾನು ಅತಿ ಹೆಚ್ಚು ಹೇಳಿದ ಮಾತು ಅದೇ.

“ಬತ್ತಿಲ್ಲೆ ಹೇಳವ್ಕೇ ಶಿಬಿರ. ಬಪ್ಪವ್ಕೆ ಎಂತಕ್ಕೆ?”

ಬರುವುದಿಲ್ಲ ಅನ್ನುವವರಿಗೇ ಶಿಬಿರ, ಬರುವವರಿಗೆ ಯಾಕೆ? ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎದ್ದು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

ಮೊದಲ ಎರಡು ವಾರ ಬರೀ ತಾಳ ಮತ್ತು ಹೆಜ್ಜೆ. ಏಕ, ರೂಪಕ, ಝಂಪೆ, ತ್ರಿವುಡೆ. ಬಾಯಲ್ಲಿ ತಾಳ ಹೇಳಬೇಕು, ಕೈಯಲ್ಲಿ ಹಾಕಬೇಕು, ಕಾಲು ಅದನ್ನೇ ಕುಣಿಯಬೇಕು. ತ್ರಿವುಡೆಗೆ ಏಳು, ಝಂಪೆಗೆ ಹತ್ತು. ಏಳರಲ್ಲಿ ಕುಣಿಯುತ್ತಾ ಇದ್ದವರು ಎಂಟಕ್ಕೆ ಕಾಲಿಟ್ಟರೆ ಸಾಕು, ಪಕ್ಕದವನಿಗೆ ಢಿಕ್ಕಿ. ದಿನಕ್ಕೆ ಅಂಥ ಎಷ್ಟೋ ಢಿಕ್ಕಿ ಆಗುತ್ತಿತ್ತು. ಭಾಗವತರು ತಾಳ ನಿಲ್ಲಿಸುತ್ತಲೇ ಇರಲಿಲ್ಲ. ತಪ್ಪಿದವರು ಅದೇ ತಾಳದಲ್ಲಿ ಮತ್ತೆ ಸೇರಿಕೊಳ್ಳಬೇಕು. ‘ಮೊದಲಿಂದ ಶುರು ಮಾಡು’ ಅನ್ನುವುದು ಅವರ ಹತ್ತಿರ ಇಲ್ಲ. ಶಾಲೆಯಲ್ಲಿ ನಾನು ಕಲಿತದ್ದು ಪೂರ್ತಿ ಬೇರೆ. ಅಲ್ಲಿ ತಪ್ಪಿದರೆ ಎಲ್ಲಾ ನಿಲ್ಲುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಇಲ್ಲಿ ತಾಳ ನನ್ನನ್ನು ಕಾಯದೆ ಮುಂದೆ ಹೋಗುತ್ತಿತ್ತು, ಆದರೆ ಏಳು ಎಣಿಸುವುದರೊಳಗೆ ತಿರುಗಿ ಬರುತ್ತಿತ್ತು. ಒಳಗೆ ಸೇರಲು ಪ್ರತಿ ಸುತ್ತಿನಲ್ಲೂ ಒಂದು ಬಾಗಿಲು.

ಆಮೇಲೆ ಮಂಡಿ. ಎರಡೂ ಮೊಣಕಾಲು ನೆಲಕ್ಕೆ ಊರಿ, ತಾಳಕ್ಕೆ ಸರಿಯಾಗಿ ಗಿರ್ರನೆ ಸುತ್ತುವುದು. ದೊಡ್ಡ ಕಲಾವಿದರು ಮಾಡುವಾಗ ಬುಗುರಿಯ ಹಾಗೆ ಕಾಣುತ್ತದೆ. ನಾವು ಮಾಡಿದಾಗ ಮೊದಲನೇ ಸುತ್ತಿನಲ್ಲೇ ಸೊಂಟ ಒಂದು ಕಡೆ, ತಲೆ ಒಂದು ಕಡೆ. ಸಗಣಿ ಸಾರಿಸಿದ ಅಂಗಳದಲ್ಲಿ ಹಳೇ ಪಂಚೆಯ ತುಂಡನ್ನು ಮೊಣಕಾಲಿಗೆ ಸುತ್ತಿಕೊಂಡು ಮಾಡುತ್ತಿದ್ದೆವು. ಬಟ್ಟೆ ಜಾರುತ್ತಿತ್ತು, ಚರ್ಮ ತರಚುತ್ತಿತ್ತು. ರಾತ್ರಿ ಆಯಿ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುವಾಗ ಉರಿಗೆ ಕಣ್ಣಲ್ಲಿ ನೀರು. “ಸಾಕು ಬಿಡೇ ತಂಗಿ” ಅಂತ ಆಯಿ ಒಂದು ದಿನ ಹೇಳಿದಳು. ಚಿಕ್ಕಮ್ಮ ಅಂತೂ, “ಕೂಸಿಗೆ ಎಂತಕ್ಕೆ ಆಟ?” ಅಂತ ದಿನಾ ಕೇಳುತ್ತಿದ್ದಳು. ನಾನು ಬಿಡಲಿಲ್ಲ. ಮೂರು ಸುತ್ತು ಬಂದಿತ್ತು. ನಾಲ್ಕನೆಯದು ಹೇಗಿರುತ್ತದೆ ಅಂತ ನೋಡಬೇಕಿತ್ತು.

ಈಗ ಯೋಚಿಸಿದರೆ ಧೈರ್ಯ ಮೊದಲು ಬಂದದ್ದು ನನ್ನ ಮೊಣಕಾಲಿಗೆ. ಬಿದ್ದರೆ ಏನಾಗುತ್ತದೆ ಅಂತ ಅದಕ್ಕೆ ಗೊತ್ತಾಯಿತು. ತರಚುತ್ತದೆ, ಉರಿಯುತ್ತದೆ, ಎರಡು ದಿನಕ್ಕೆ ಹಕ್ಕಳೆ ಕಟ್ಟುತ್ತದೆ. ಅಷ್ಟೇ. ತಲೆಗೆ ಅದು ಗೊತ್ತಾಗಲು ಇನ್ನೂ ಸಮಯ ಹಿಡಿಯಿತು.

ಮೇ ಮೊದಲ ವಾರ ಪಾತ್ರ ಹಂಚಿದರು. ಪ್ರಸಂಗ ಅಭಿಮನ್ಯು ಕಾಳಗ. ಅಭಿಮನ್ಯುವಿನ ಪಾತ್ರ ದೊಡ್ಡದು, ಅದಕ್ಕೆ ಇಬ್ಬರು. ಧರ್ಮರಾಯನ ಎದುರಿನ ಮಾತಿನಿಂದ ಶುರುವಾಗಿ, ಚಕ್ರವ್ಯೂಹ ಹೊಕ್ಕು ದ್ರೋಣನ ಎದುರು ನಿಲ್ಲುವ ತನಕ ನಾನು. ಅಲ್ಲಿಂದ ಸಾಯುವ ತನಕ ಅಣ್ಣ. ನನ್ನ ಹೆಸರು ಕೇಳಿದ ಕೂಡಲೇ ಹೊಟ್ಟೆಯೊಳಗೆ ಥ್ಯಾಕರೆ ಎದ್ದು ಕೂತ.

ಅವತ್ತು ರಾತ್ರಿ ಅಪ್ಪಯ್ಯನ ಹತ್ತಿರ ಕಥೆ ಹೇಳಿಸಿಕೊಂಡೆ. ಸುಭದ್ರೆ ಬಸುರಿಯಾಗಿದ್ದಾಗ ಕೃಷ್ಣ ಅವಳಿಗೆ ಚಕ್ರವ್ಯೂಹ ಹೊಗುವ ಬಗೆ ಹೇಳುತ್ತಿದ್ದನಂತೆ. ಅವಳು ಕೇಳುತ್ತಾ ನಿದ್ದೆ ಹೋದಳು. ಆದರೂ ಹೂಂ, ಹೂಂ ಅಂತ ಹೂಂಗುಟ್ಟುವುದು ನಿಲ್ಲಲಿಲ್ಲ. ನೋಡಿದರೆ ಅದು ಹೊಟ್ಟೆಯೊಳಗಿನ ಮಗು. ಕೃಷ್ಣ ಹೇಳುವುದನ್ನು ನಿಲ್ಲಿಸಿದ. ಹಾಗಾಗಿ ಅಭಿಮನ್ಯುವಿಗೆ ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ. ಯುದ್ಧದ ಹದಿಮೂರನೇ ದಿನ ದ್ರೋಣ ಆ ವ್ಯೂಹವನ್ನೇ ಕಟ್ಟಿದ. ಅರ್ಜುನ ಸಂಶಪ್ತಕರ ಜೊತೆ ದೂರದಲ್ಲಿ ಯುದ್ಧ ಮಾಡುತ್ತಿದ್ದ. ಒಳಗೆ ಹೋಗಬಲ್ಲವನು ಈ ಹುಡುಗ ಒಬ್ಬನೇ.

ನಾನು ಹೊಸ ಪಟ್ಟಿ ತೆಗೆದುಕೊಂಡೆ. ನೋಟ್‌ಬುಕ್ಕಿಗೆ ನಮ್ಮ ಕಡೆ ಪಟ್ಟಿ ಅನ್ನುತ್ತೇವೆ. ಅಭಿಮನ್ಯು ಹೇಳಬೇಕಾದ್ದನ್ನೆಲ್ಲಾ ಅಪ್ಪಯ್ಯನಿಂದ ಕೇಳಿ ನಾಲ್ಕು ಪುಟ ಬರೆದೆ. ಬಾಯಿಪಾಠ ಶುರುವಾಯಿತು. ಒಂದು ಅಕ್ಷರ ಆಚೀಚೆ ಆಗಬಾರದು. ಈ ಸಲ ಮರೆಯಲೇಬಾರದು.

ಮೂರನೇ ದಿನ ಭಾಗವತರು ಆ ಪಟ್ಟಿ ನೋಡಿದರು. ತೆಗೆದು ನಿಧಾನವಾಗಿ ನಾಲ್ಕೂ ಪುಟ ಓದಿದರು. “ಅಕ್ಷರ ಚೆಂದ ಇದ್ದು” ಅಂದರು. ಆಮೇಲೆ ದೊಡ್ಡಮನೆಯ ಗೋಡೆಯಲ್ಲಿ ದೀಪ ಇಡುವ ಗೂಡಿನೊಳಗೆ ಅದನ್ನಿಟ್ಟರು. “ಇದು ಇಲ್ಲೇ ಇರ್ಲಿ.”

ನನ್ನ ಎದೆ ಧಸಕ್ಕೆಂದಿತು. ಅಳು ಬಂದೇಬಿಟ್ಟಿತು.

ಅವರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು. ಯಕ್ಷಗಾನದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ. ಮಾತು ಯಾರೂ ಬರೆದಿಟ್ಟದ್ದಲ್ಲ. ಭಾಗವತ ಪದ್ಯ ಹೇಳುತ್ತಾನೆ, ವೇಷಧಾರಿ ಕುಣಿಯುತ್ತಾ ಅದನ್ನು ಕೇಳುತ್ತಾನೆ, ಪದ್ಯ ನಿಂತ ಮೇಲೆ ಅದರಲ್ಲಿ ಇದ್ದದ್ದನ್ನೇ ತನ್ನ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ಅದಕ್ಕೇ ಅದು ‘ಅರ್ಥ’. ಇವತ್ತು ಹೇಳಿದ ಹಾಗೆ ನಾಳೆ ಹೇಳಬೇಕೆಂದಿಲ್ಲ. “ನೀ ಕುಣಿವಾಗ ಪಟ್ಟಿ ನೆನಪು ಮಾಡ್ತಾ ಇದ್ದೆ. ಪದ್ಯ ಕೇಳ್ತಾ ಇಲ್ಲೆ. ಹೇಳಕ್ಕಾದ್ದು ಎಲ್ಲಾ ಪದ್ಯದಲ್ಲೇ ಇದ್ದು. ಕೇಳು, ಸಾಕು.”

ಅವತ್ತಿನಿಂದ ಸಂಜೆ ಹೊತ್ತು ಹೊಸ ಪಾಠ. ಮರೆಯುವ ಪಾಠ. ಅವರೇ ಒಂದು ದಿನ, ಎಲ್ಲರಿಗೂ ಮುರುಗಲು ಹಣ್ಣಿನ ಪಾನಕ ಕೊಟ್ಟು ಮುಗಿದ ಮೇಲೆ, “ಇವತ್ತು ಯಾರೂ ಸರಿ ಹೇಳಲಾಗ. ಎಲ್ಲರೂ ಮಧ್ಯದಲ್ಲಿ ಮರೀಯಕ್ಕು” ಅಂದರು. ಒಬ್ಬ ಮರೆತು ನಿಲ್ಲಬೇಕು, ಎದುರಿನವನು ಅವನನ್ನು ಎತ್ತಬೇಕು. ಪ್ರಶ್ನೆ ಕೇಳಿ ಎತ್ತಬಹುದು. ಅವನು ಕೊನೆಗೆ ಹೇಳಿದ್ದನ್ನೇ ತಿರುಗಿಸಿ ಹೇಳಿ ಎತ್ತಬಹುದು. ಯಾರಿಗೂ ಏನೂ ಹೊಳೆಯದಿದ್ದರೆ ಭಾಗವತರ ಕಡೆ ನೋಡಿದರೆ ಆಯಿತು, ಅವರು ಪದ್ಯದ ಕೊನೆಯ ಸಾಲು ಮತ್ತೆ ಎತ್ತಿಕೊಡುತ್ತಾರೆ, ಒಂದು ಸುತ್ತು ಹೆಜ್ಜೆ ಹಾಕಿ ಬರಬಹುದು. ನೋಡುವವರಿಗೆ ಅದು ಕುಣಿತ. ಮರೆತವನಿಗೆ ಉಸಿರು.

ಧರ್ಮರಾಯನ ಪಾತ್ರದ ಹುಡುಗ ಒಮ್ಮೆ ಗಡಿಬಿಡಿಯಲ್ಲಿ ‘ಟೈಮ್ ಆಯಿತು’ ಅಂದುಬಿಟ್ಟ. ಯಕ್ಷಗಾನದಲ್ಲಿ ಇಂಗ್ಲಿಷ್ ಶಬ್ದ ಬಂದರೆ ದೊಡ್ಡ ತಪ್ಪು. ಭೀಮ ಆಗಿದ್ದ ಅಣ್ಣನ ಗೆಳೆಯ ಥಟ್ಟನೆ, “ಹೌದಣ್ಣಾ, ಹೊತ್ತಾಯಿತು” ಅಂದ. ತಪ್ಪು ಅಲ್ಲೇ ಮುಚ್ಚಿಹೋಯಿತು. ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯಲು ಅಲ್ಲಿ ಇರುತ್ತಾರೆ ಅಂತ ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ನನ್ನ ಸರದಿ ಬಂತು. ಬೇಕಂತಲೇ ಮರೆಯಬೇಕು ಅಂತ ನಿಂತರೆ ಮರೆವೇ ಬರಲಿಲ್ಲ! ಮಾತು ತನ್ನಷ್ಟಕ್ಕೆ ಬರುತ್ತಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಾಲ್ಕು ತಿಂಗಳಲ್ಲಿ ನಗು ನನ್ನನ್ನು ಚುಚ್ಚದೆ ಇದ್ದದ್ದು ಅದೊಂದೇ ಸಲ.

ಮರುದಿನ ನಿಜವಾಗಿ ಮರೆತೆ. ಅದೇ ಚಪ್ಪರದ ಹಾಗೆ, ಅದೇ ಕಪ್ಪು. ಕಿವಿಯಲ್ಲಿ ಗುಂಯ್. ಭಾಗವತರು ಸುಮ್ನೆ ತಾಳ ಕುಟ್ಟಿದರು, ಕೊನೆಯ ಸಾಲು ಎತ್ತಿದರು. ಕಾಲು ತಾನಾಗಿ ಹೆಜ್ಜೆ ಹಾಕಿತು. ಅರ್ಧ ಸುತ್ತು ಬರುವಾಗ ಪದ್ಯದ ಒಂದೇ ಒಂದು ಶಬ್ದ ಕಿವಿಗೆ ಬಿತ್ತು. ಅದನ್ನೇ ಹಿಡಿದುಕೊಂಡೆ. ಮಾತು ಹರಿಯಲಿಲ್ಲ, ತೊದಲಿತು. ಆದರೆ ಬಂತು.

ಹೆದರಬೇಡ, ಹೆದರಬೇಡ ಅಂತ ಅಲ್ಲಿಯ ತನಕ ಎಲ್ಲರೂ ಹೇಳಿದ್ದರು. ಆಯಿ, ಅಪ್ಪಯ್ಯ, ಅಕ್ಕೋರು. ಪ್ರೀತಿಯಿಂದಲೇ ಹೇಳಿದ್ದರು. ಆದರೆ ಮರೆತರೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಮಕ್ಕಳಿಗೆ ಬೇಕಾಗಿರುವುದು ಎರಡನೆಯದು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ನನ್ನ ಮಗಳಿಗೆ ಸೈಕಲ್ ಕಲಿಸುವಾಗ ಮೊದಲು ಕಲಿಸಿದ್ದು ಬೀಳುವಾಗ ಕಾಲು ಎಲ್ಲಿ ಊರಬೇಕು ಅನ್ನುವುದನ್ನೇ.

ಆಟ ಇದ್ದದ್ದು ಮೇ ಕೊನೆಯ ಶನಿವಾರ, ದೇವಸ್ಥಾನದ ಬಯಲಲ್ಲಿ. ಅಷ್ಟರಲ್ಲಿ ಎರಡು ಅಡ್ಡಮಳೆ ಬಂದು ಹೋಗಿತ್ತು, ಗಾಳಿಯಲ್ಲಿ ಮಣ್ಣಿನ ವಾಸನೆ.

ಸಂಜೆ ಐದಕ್ಕೇ ಚೌಕಿಗೆ ಕರೆದರು. ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ ಚೌಕಿ ಅನ್ನುತ್ತಾರೆ. ಮೊದಲು ಗಣಪತಿ ಪೂಜೆ. ಆಮೇಲೆ ಚಾಪೆಯ ಮೇಲೆ ಸಾಲಾಗಿ ಕೂತೆವು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಣ್ಣ ಮುಖಕ್ಕೆ ತಣ್ಣಗೆ ತಾಗಿತು. ಹುಬ್ಬಿಗೆ ಕಾಡಿಗೆ, ಹಣೆಗೆ ನಾಮ. ಕಾಲಿಗೆ ಗೆಜ್ಜೆ, ಎದೆಗೆ ಎದೆಕಟ್ಟು, ಭುಜಕ್ಕೆ ಭುಜಕೀರ್ತಿ. ತಲೆಗೆ ಕೇದಗೆ ಮುಂದಲೆ. ಅಭಿಮನ್ಯು, ಬಬ್ರುವಾಹನನಂಥ ಎಳೆಯ ವೀರರಿಗೆ ಕಟ್ಟುವುದು ಅದನ್ನೇ. ಕಿರೀಟದ ಹಾಗೆ ತಲೆ ಮೇಲೆ ಇಡುವುದಲ್ಲ, ಬಟ್ಟೆ ಸುತ್ತಿ, ದಾರ ಬಿಗಿದು ಪ್ರತಿ ಸಲ ಹೊಸದಾಗಿ ಕಟ್ಟುವುದು. ಬಿಗಿದಾಗ ಕಣ್ಣಿನ ಗುಡ್ಡೆ ಮೇಲಕ್ಕೆ ಎಳೆದ ಹಾಗಾಯಿತು. ಕನ್ನಡಿಯಲ್ಲಿ ನೋಡಿದೆ. ನಾನು ಎಲ್ಲೂ ಇರಲಿಲ್ಲ. ಹೊಟ್ಟೆಯೊಳಗೆ ಮಾತ್ರ ಇದ್ದೆ.

ಅಷ್ಟೊತ್ತಿಗೆ ಕರೆಂಟ್ ಹೋಯಿತು. ಗ್ಯಾಸ್‌ಲೈಟ್ ತಂದರು. ಕೈ ತಣ್ಣಗಾಗಿ ಬೆವರುತ್ತಿತ್ತು. ಎದ್ದು ಭಾಗವತರ ಹತ್ತಿರ ಹೋದೆ. ಅವರು ಕೆಂಪು ಮುಂಡಾಸು ಸುತ್ತಿಕೊಂಡು, ತಾಳ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

“ಹೆದ್ರಿಕೆ ಆಗ್ತು.”

ಅವರು ನನ್ನ ಕೈಯನ್ನು ತೆಗೆದು ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. ಅವರ ಅಂಗೈಯೂ ಒದ್ದೆ. ನನ್ನ ಕೈಯಷ್ಟೇ ತಣ್ಣಗೆ.

“ಯನಗೂ ಆಗ್ತು” ಅಂದರು. “ನಲ್ವತ್ತು ವರ್ಷ ಆತು. ಪದ್ಯ ಶುರು ಮಾಡುವವರೆಗೆ ಇರ್ತು.”

ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ. ದೊಡ್ಡವರಿಗೆ ಹೆದರಿಕೆ ಹೋಗಿರುತ್ತದೆ, ನನಗೊಬ್ಬಳಿಗೇ ಉಳಿದಿದೆ ಅಂದುಕೊಂಡಿದ್ದೆ. ಅವರು ತಾಳ ಎತ್ತಿಕೊಂಡು ಎದ್ದರು. “ಆನು ಹಿಂದೆ ಇದ್ದೆ”, ನಾನು ಹಿಂದೆ ಇದ್ದೇನೆ, ಅಂತ ಹೇಳಿ ರಂಗಸ್ಥಳದ ಕಡೆ ನಡೆದರು.

ಪ್ರವೇಶದ ಕುಣಿತ ಸರಿ ಹೋಯಿತು. ಧರ್ಮರಾಯನ ಕಾಲಿಗೆ ನಮಸ್ಕಾರ, ಒಂದು ಪದ್ಯ, ಅದಕ್ಕೆ ಅರ್ಥ, ಅದೂ ಸರಿ ಹೋಯಿತು. ಎರಡನೇ ಪದ್ಯ ಆ ಮುಖ್ಯ ಮಾತಿನದ್ದು. ಪದ್ಯ ನಿಂತಿತು. ಮದ್ದಲೆ ನಿಂತಿತು. ನಾನು ಬಾಯಿ ತೆರೆದೆ.

ಏನೂ ಇಲ್ಲ.

ಗ್ಯಾಸ್‌ಲೈಟಿನ ಸುಂಯ್ ಸದ್ದು. ಬಯಲಲ್ಲಿ ಕಂಬಳಿ ಹಾಸಿಕೊಂಡು ಕೂತ ಜನ. ಮುಂದಿನ ಸಾಲಿನಲ್ಲಿ ನಮ್ಮ ಕ್ಲಾಸಿನ ಮೂವರು. ಜನವರಿಯ ಆ ರಾತ್ರಿ ಹಾಗೇ ಎದ್ದು ಬಂದು ನನ್ನ ಪಕ್ಕ ನಿಂತಿತು.

“ಏನು ಮಗನೇ, ಸುಮ್ಮನಾದೆ?” ಅಂದ ಧರ್ಮರಾಯ. ಹತ್ತನೇ ಕ್ಲಾಸಿನ ಹುಡುಗ, ಮರೆಯುವ ಪಾಠ ಚೆನ್ನಾಗಿ ಕಲಿತಿದ್ದ. “ನಿನ್ನ ಮನಸ್ಸಿನಲ್ಲಿ ಇರುವುದೇನು, ಹೇಳಬಾರದೇ?”

ನಾನು ತಿರುಗಿ ಭಾಗವತರನ್ನು ನೋಡಿದೆ. ಅವರ ಮುಖದಲ್ಲಿ ಗಾಬರಿ ಏನೂ ಇರಲಿಲ್ಲ. ಕೊನೆಯ ಸಾಲು ಎತ್ತಿದರು. ಕಾಲು ಎದ್ದಿತು. ಗೆಜ್ಜೆಯ ಸದ್ದಿನ ಮಧ್ಯೆ ಆ ಸಾಲನ್ನು ಕೇಳಿದೆ. ಬಾಯಿಪಾಠಕ್ಕಲ್ಲ, ನಿಜವಾಗಿ ಕೇಳಿದೆ. ಒಬ್ಬ ಹುಡುಗ ತನಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಅಂತ ಮನೆಯ ಹಿರಿಯರಿಗೆ ಹೇಳುತ್ತಿದ್ದಾನೆ. ಇಷ್ಟೇ ಇತ್ತು ಅದರಲ್ಲಿ.

ಸುತ್ತು ಮುಗಿಸಿ ಬಂದು ನಿಂತೆ.

“ದೊಡ್ಡಪ್ಪಾ,” ಅಂದೆ. “ಒಳಗೆ ಹೋಗುವ ದಾರಿ ನನಗೆ ಗೊತ್ತು. ಹೊರಗೆ ಬರುವ ದಾರಿ ಗೊತ್ತಿಲ್ಲ. ಗೊತ್ತಿಲ್ಲವೆಂದು ಇಲ್ಲೇ ನಿಲ್ಲಲೇ?”

ಪಟ್ಟಿಯ ನಾಲ್ಕು ಪುಟದಲ್ಲಿ ಈ ಮಾತು ಇರಲಿಲ್ಲ. ಅಪ್ಪಯ್ಯನೂ ಹೇಳಿಕೊಟ್ಟದ್ದಲ್ಲ. ಬಯಲು ಸುಮ್ಮನಾಯಿತು. ಧರ್ಮರಾಯ ಒಂದು ಗಳಿಗೆ ನನ್ನನ್ನೇ ನೋಡಿದ, ಉತ್ತರ ಕೊಡುವುದನ್ನು ಅವನೇ ಮರೆತ ಹಾಗೆ. ಆಮೇಲೆ ನನ್ನ ತಲೆ ಮೇಲೆ ಕೈ ಇಟ್ಟ. ಚಂಡೆ ಎದ್ದಿತು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಮಂಡಿ ಹನ್ನೆರಡು ಸುತ್ತು ಹಾಕಬೇಕಿತ್ತು, ಏಳಕ್ಕೆ ಮೊಣಕಾಲಿನ ಬಟ್ಟೆ ಜಾರಿತು, ಎದ್ದುಬಿಟ್ಟೆ. ದ್ರೋಣನ ಎದುರು ನಿಂತಾಗ ಮೈಯೆಲ್ಲಾ ಬಿಸಿ, ಬಾಯಿ ತುಂಬಾ ಮಾತು. ಪದ್ಯಕ್ಕೆ ಕಾಯುವಷ್ಟು ತಾಳ್ಮೆ ಇಲ್ಲ.

ಚೌಕಿಯಲ್ಲಿ ಆಯಿ ಕೊಬ್ಬರಿ ಎಣ್ಣೆ ಹಾಕಿ ನನ್ನ ಮುಖದ ಬಣ್ಣ ಒರೆಸುತ್ತಿದ್ದಳು. ಹೊರಗೆ ಅಣ್ಣನ ಅಭಿಮನ್ಯು ಯುದ್ಧ ಮಾಡುತ್ತಿದ್ದ. ಆಟ ಮುಗಿಯುವ ತನಕ ನಾನು ಮಲಗಲಿಲ್ಲ. ಮಂಗಳ ಹಾಡಿ ಭಾಗವತರು ಒಳಗೆ ಬಂದ ಕೂಡಲೇ ಅವರ ಮುಂದೆ ಹೋಗಿ ನಿಂತೆ.

“ಎಂತೆಂತ ತಪ್ಪಾತು ಹೇಳು” ಅಂದರು.

ಬೆರಳು ಮಡಚಿ ಹೇಳಿದೆ. ಒಂದು, ಮಾತು ಮರೆತೆ. ಎರಡು, ಮಂಡಿ ಏಳೇ ಸುತ್ತು. ಮೂರು, ಯಕ್ಷಗಾನದ ಮಾತಿನ ಹಾಗೆ ಹೇಳದೆ ಮನೆಯಲ್ಲಿ ಕರೆಯುವ ಹಾಗೆ ದೊಡ್ಡಪ್ಪ ಅಂದುಬಿಟ್ಟೆ.

“ಮೂರನೇದು ತಪ್ಪಲ್ಲ, ತೆಗೆದು ಹಾಕು” ಅಂದರು. “ಆದ್ರೆ ಇನ್ನೊಂದು ಇದ್ದು. ಅದು ನಿಂಗೆ ಗೊತ್ತಾಯ್ದಿಲ್ಲೆ.”

“ಎಂತದು?”

“ಈಗ ನಿದ್ದೆ ಮಾಡು. ಬೆಳಿಗ್ಗೆ ಹೇಳ್ತೆ.”

ನಿದ್ದೆ ಎಲ್ಲಿ ಬರಬೇಕು? ಮನೆಗೆ ಬಂದು ಮಲಗಿ, ಇಡೀ ಆಟವನ್ನು ಮೊದಲಿಂದ ಕೊನೆಯ ತನಕ ತಲೆಯೊಳಗೆ ಮತ್ತೆ ಕುಣಿದೆ. ಹೆಜ್ಜೆ, ತಾಳ, ಬಿಲ್ಲು ಹಿಡಿದ ಕೈ. ಎಲ್ಲೂ ಸಿಗಲಿಲ್ಲ. ನನ್ನ ತಪ್ಪು ಯಾವುದು ಅಂತ ತಿಳಿಯಲು ನನಗೆ ಅಷ್ಟು ಆಸೆ ಆದದ್ದು ಅದೇ ಮೊದಲು. ಬೆಳಕು ಹರಿಯುವ ಮೊದಲೇ ಎದ್ದು, ಕಿವಿಯ ಹಿಂದೆ ಇನ್ನೂ ಉಳಿದಿದ್ದ ಬಣ್ಣದ ಜೊತೆಗೇ ದೊಡ್ಡಮನೆಗೆ ಓಡಿದೆ. ಭಾಗವತರು ಚೀಲ ಕಟ್ಟಿಕೊಂಡು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮೊದಲ ಬಸ್ಸಿಗೆ ಹೊರಡುವವರು.

“ದ್ರೋಣನ ಎದುರು,” ಅಂದರು, “ಪದ್ಯ ಮುಗಿಯುವ ಮೊದಲೇ ಮಾತು ಶುರು ಮಾಡಿಬಿಟ್ಟೆ. ಯಂದು ಇನ್ನೂ ಒಂದು ಸಾಲು ಬಾಕಿ ಇತ್ತು.”

ಆ ಸಾಲನ್ನು ಅಲ್ಲೇ, ಜಗಲಿಯಲ್ಲಿ ಕೂತು, ಮೆಲ್ಲಗೆ ಹಾಡಿ ಮುಗಿಸಿದರು. ಆಮೇಲೆ ಎಲೆ ಬಾಯಿಗೆ ಹಾಕಿಕೊಂಡು, ಕೊಡೆ ತೆಗೆದುಕೊಂಡು ಎದ್ದರು. ಮಳೆ ಶುರುವಾಗಿತ್ತು. ನಾನು ಬಸ್ಸು ನಿಲ್ಲುವ ತನಕ ಅವರ ಚೀಲ ಹಿಡಿದುಕೊಂಡು ಜೊತೆಗೆ ಹೋದೆ. ಗೂಡಿನಲ್ಲಿ ಇಟ್ಟ ಪಟ್ಟಿ ನನಗೆ ನೆನಪಾದದ್ದು ಶಾಲೆ ಶುರುವಾಗಿ ಎಷ್ಟೋ ದಿನ ಆದ ಮೇಲೆ.